ಕಾಫಿ ಅಂಗಡಿಯ ಮಕ್ಕಳಿಗೆ ನಾನು ಬರೆದ ಪ್ರಶ್ನೆಪತ್ರಿಕೆ



ತಲೆಬರಹ ನೋಡಿ ನಗು ಬಂತೇ? ನಗಿ, ಬೇಜಾರಿಲ್ಲ. ನಮ್ಮ ಮನೆಯಲ್ಲೂ ಮೊದಲು ಎಲ್ಲರೂ ನಕ್ಕರು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, 24 ವರ್ಷ ಒಲೆಯ ಮುಂದೆ ನಿಂತವಳು ನಾನು. ಪರೀಕ್ಷೆ ಎಂದರೆ ಈಗಲೂ ಕನಸಿನಲ್ಲಿ ಬೆಚ್ಚಿ ಏಳುವವಳು. ಅಂಥವಳು ಮೊಬೈಲಿನಲ್ಲಿ ರಸಪ್ರಶ್ನೆ ತಯಾರಿಸಿ ಬೇರೆಯವರಿಗೆ ಪರೀಕ್ಷೆ ಇಡುವುದೆಂದರೆ! ಆದರೆ ಕಾಲ ಬಂದಾಗ ಎಲ್ಲವನ್ನೂ ಕಲಿಯಬೇಕಾಗುತ್ತದೆ ನೋಡಿ. ಅದು ಹೇಗಾಯಿತು, ಅದರಲ್ಲಿ ನಾನೆಷ್ಟು ತಪ್ಪಿದೆ, ಏನು ಕಲಿತೆ ಎಂಬುದನ್ನು ನಿಮಗೂ ಹೇಳೋಣವೆಂದು ಕೂತಿದ್ದೇನೆ.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ನನ್ನ ಮೈದುನ ಒಂದು ಕಾಫಿ ಅಂಗಡಿ ಇಟ್ಟಿದ್ದಾನೆ. ಒಂದು ಪಕ್ಕದಲ್ಲಿ ನಮ್ಮ ಹಳೆಯ ಫಿಲ್ಟರ್ ಕಾಫಿ, ಸ್ಟೀಲ್ ಲೋಟ. ಇನ್ನೊಂದು ಪಕ್ಕದಲ್ಲಿ ದೊಡ್ಡ ಮೆಷಿನ್ನು, ಎಸ್ಪ್ರೆಸೊ, ಕ್ಯಾಪುಚಿನೊ ಅಂತ ಪ್ರವಾಸಿಗಳು ಕೇಳುವಂಥವು. ಕೆಲಸಕ್ಕೆ ಆರು ಜನ ಬೇಕು. ಆದರೆ ಆ ಆರು ಜನ ಒಟ್ಟಿಗೆ ಒಂದು ವರ್ಷ ನಿಂತದ್ದೇ ಇಲ್ಲ. ಒಬ್ಬ ಬೆಂಗಳೂರಿಗೆ ಹೋದ, ಒಬ್ಬಳಿಗೆ ಮದುವೆಯಾಯಿತು, ಒಬ್ಬ ಹೇಳದೆ ಕೇಳದೆ ಹೊರಟುಹೋದ. ಹೊಸಬರು ಬಂದಾಗಲೆಲ್ಲ ಅದೇ ಪಾಠ ಮೊದಲಿನಿಂದ. ಹೇಳಿ ಹೇಳಿ ಮೈದುನನಿಗೆ ಗಂಟಲು ಕಟ್ಟಿತು.

ಆಗ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು, “ಚಿಕ್ಕಪ್ಪಾ, ನಾನೊಂದು ಆನ್‌ಲೈನ್ ಕ್ವಿಜ್ ಮಾಡಿಕೊಡ್ತೀನಿ. ಹೊಸಬರು ಬಂದ ಕೂಡಲೇ ಅವರ ಮೊಬೈಲಿಗೆ ಲಿಂಕ್ ಕಳಿಸಿ. ಯಾರಿಗೆ ಎಷ್ಟು ಗೊತ್ತು ಅಂತ ತಾನಾಗೇ ಮಾರ್ಕ್ಸ್ ಬರುತ್ತೆ” ಎಂದಳು. ಒಂದು ರಾತ್ರಿ ಕೂತು 40 ಪ್ರಶ್ನೆ ಮಾಡಿಯೂ ಕೊಟ್ಟಳು. ಎಲ್ಲವೂ ಇಂಗ್ಲಿಷಿನಲ್ಲಿ.

ಹಿಂದಿನ ಕೋಣೆಯಲ್ಲಿ ಅಳುತ್ತಿದ್ದ ಹುಡುಗಿ

ಆ ವಾರ ಹೊಸದಾಗಿ ಇಬ್ಬರು ಸೇರಿದ್ದರು. ಒಬ್ಬ ಹಾಸನದ ಹುಡುಗ, ಡಿಗ್ರಿ ಅರ್ಧಕ್ಕೆ ಬಿಟ್ಟವನು. ಇನ್ನೊಬ್ಬಳು ಸಕಲೇಶಪುರದ ಕಡೆಯ ಹುಡುಗಿ, ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು. ಇಬ್ಬರೂ ಪರೀಕ್ಷೆ ಬರೆದರು. ಹುಡುಗನಿಗೆ 40ಕ್ಕೆ 34. ಹುಡುಗಿಗೆ 11.

ನಾನು ಆ ದಿನ ಚಕ್ಕುಲಿ ಡಬ್ಬ ಕೊಡಲು ಅಂಗಡಿಗೆ ಹೋಗಿದ್ದೆ. ಮೈದುನ ಮೊಬೈಲ್ ತೋರಿಸಿ, “ನೋಡಿ ಅತ್ತಿಗೆ, ಈ ಹುಡುಗಿಗೆ ಏನೂ ಬರೋಲ್ಲ. ತಿಂಗಳ ಕೊನೆಗೆ ಲೆಕ್ಕ ಮಾಡಿ ಊರಿಗೆ ಕಳಿಸಿಬಿಡ್ತೀನಿ” ಎಂದ. ಹಿಂದಿನ ಕೋಣೆಗೆ ಹೋದರೆ ಆ ಮಗು ಸಕ್ಕರೆ ಮೂಟೆಯ ಮೇಲೆ ಕೂತು ಅಳುತ್ತಿದೆ.

“ಯಾಕಮ್ಮಾ, ಅಷ್ಟೊಂದು ಕಷ್ಟ ಇತ್ತಾ?” ಎಂದೆ.

“ಕಷ್ಟ ಅಲ್ಲಕ್ಕಾ. ಏನು ಕೇಳವ್ರೆ ಅಂತಲೇ ಗೊತ್ತಾಗಲಿಲ್ಲ.”

ಒಂದೊಂದೇ ಪ್ರಶ್ನೆಯನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಕೇಳುತ್ತಾ ಹೋದೆ. ಭಾರತಕ್ಕೆ ಕಾಫಿ ತಂದವರು ಯಾರು ಅಂದರೆ, ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಕತೆಯನ್ನು ಪೂರ್ತಿ ಹೇಳಿದಳು. 1670ರ ಸುಮಾರಿನ ಸಂಗತಿ ಅದು ಎಂದು ಪ್ರತೀತಿ. ಪೀಬೆರಿ ಅಂದರೇನು ಅಂದೆ. “ಹಣ್ಣಿನೊಳಗೆ ಎರಡು ಬೇಳೆ ಇರೋ ಬದಲು ಒಂದೇ ಗುಂಡನೆ ಬೀಜ ಇರ್ತದಲ್ಲಕ್ಕಾ, ಅದು” ಎಂದಳು. ಅವಳ ತಾಯಿ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಇವಳೂ ರಜೆಯಲ್ಲಿ ಜೊತೆಗೆ ಹೋಗಿ ಕೊಯ್ದವಳೇ.

ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ನಮ್ಮ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ, ಈ ಮೂರು ಜಿಲ್ಲೆಯ ಬೆಳೆ. ಆ ಹಣ್ಣು ಕೊಯ್ಯುವ ಕೈಯ ಮಗಳಿಗೆ ಕಾಫಿ ಪರೀಕ್ಷೆಯಲ್ಲಿ 11 ಅಂಕ! ಮನಸ್ಸಿಗೆ ಚುಚ್ಚಿದಂತಾಯಿತು. ನಾವು ಪರೀಕ್ಷೆ ಮಾಡಿದ್ದು ಅವಳ ಕಾಫಿಯನ್ನಲ್ಲ, ಅವಳ ಇಂಗ್ಲಿಷನ್ನು. ಮೈದುನನಿಗೆ, “ನೋಡಪ್ಪ, ಒಂದು ತಿಂಗಳು ತಡಿ. ಪ್ರಶ್ನೆಯನ್ನೇ ಇನ್ನೊಮ್ಮೆ ಬರೆಯೋಣ” ಎಂದೆ. ಅವನು ಅರ್ಧ ಮನಸ್ಸಿನಿಂದ ಹೂಂಗುಟ್ಟಿದ.

34 ಅಂಕದ ಹುಡುಗನ ಕೈ ಸುಟ್ಟಿತು

ಅದೇ ಭಾನುವಾರ. ಬೆಳಗಿನ ಹೊತ್ತು, ಬೇಲೂರಿಗೆ ಹೋಗುವ ಬಸ್ಸು ನಿಂತು ಅಂಗಡಿ ತುಂಬಿ ಹೋಗಿತ್ತು. ಹಾಲು ನೊರೆ ಬರಿಸಲು ಮೆಷಿನ್ನಿನ ಪಕ್ಕದಲ್ಲಿ ಒಂದು ಹಬೆ ಕೊಳವೆ ಇರುತ್ತದೆ. ಅದನ್ನು ಬಳಸುವ ಮೊದಲೂ ಆಮೇಲೂ, ಬಾಯನ್ನು ತಟ್ಟೆಯ ಕಡೆ ತಿರುಗಿಸಿ ಒಂದು ಸಲ ಹಬೆ ಬಿಡಬೇಕು. ಒಳಗೆ ನಿಂತ ನೀರು, ಹಾಲು ಹೊರಬರುತ್ತದೆ. ಅವಸರದಲ್ಲಿ ಆ ಹುಡುಗ ಕೊಳವೆಯನ್ನು ತನ್ನ ಕಡೆಗೇ ಇಟ್ಟು ತಿರುಪು ತಿರುಗಿಸಿದ. ಕುದಿಯುವ ಹಬೆ ಮುಂಗೈಗೆ ಬಡಿಯಿತು.

ಆಮೇಲೆ ನಡೆದದ್ದು ಕೇಳಿ. ಒಬ್ಬ ಟೂತ್‌ಪೇಸ್ಟ್ ತರಲು ಓಡಿದ. ಇನ್ನೊಬ್ಬ ಕಾಫಿಪುಡಿ ಮೆತ್ತಲು ಬಂದ. ನಾನೇನು ಕಡಿಮೆಯೇ? “ತುಪ್ಪ ತನ್ನಿ, ತುಪ್ಪ” ಎಂದು ಕೂಗಿದವಳು ನಾನೇ. ನಮ್ಮಜ್ಜಿ ಹಚ್ಚುತ್ತಿದ್ದದ್ದು ತುಪ್ಪ ತಾನೇ! ಆಸ್ಪತ್ರೆಯಲ್ಲಿ ಡಾಕ್ಟರು ಚೆನ್ನಾಗಿ ಬೈದರು. “ನಲ್ಲಿ ತಿರುಗಿಸಿ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿದಿದ್ದರೆ ಇಷ್ಟು ಬೊಬ್ಬೆ ಏಳುತ್ತಿರಲಿಲ್ಲ. ಉಂಗುರ, ಬಳೆ ಇದ್ದರೆ ಊದುವ ಮೊದಲೇ ತೆಗೆಯಬೇಕು. ತುಪ್ಪ, ಪೇಸ್ಟು, ಐಸು ಯಾವುದೂ ಬೇಡ” ಎಂದರು.

ಮನೆಗೆ ಬಂದು ಮಗಳ ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಎಸ್ಪ್ರೆಸೊ ಎಂಬ ಮಾತು ಯಾವ ಭಾಷೆಯದು ಎಂದಿತ್ತು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದಿತ್ತು. ಹಬೆ ಕೊಳವೆಯನ್ನು ಯಾವ ಕಡೆ ತಿರುಗಿಸಬೇಕು, ಕೈ ಸುಟ್ಟರೆ ಏನು ಮಾಡಬೇಕು ಎಂಬ ಪ್ರಶ್ನೆ 40ರಲ್ಲಿ ಒಂದೂ ಇರಲಿಲ್ಲ. 34 ಅಂಕ ತೆಗೆದವನನ್ನು ಆ 34 ಅಂಕ ಕಾಪಾಡಲಿಲ್ಲ. ಮಗಳನ್ನು ದೂರುವುದಿಲ್ಲ. ಅವಳು ಪುಸ್ತಕ ನೋಡಿ ಬರೆದಳು, ಅಂಗಡಿ ನೋಡಿ ಬರೆಯಲಿಲ್ಲ, ಅಷ್ಟೇ.

ಮೊದಲು ಒಂದು ನೋಟ್‌ಬುಕ್ಕು

ನಾನು ಮಾಡಿದ ಮೊದಲ ಕೆಲಸವೆಂದರೆ ಮೊಬೈಲ್ ಬದಿಗಿಟ್ಟು, 100 ಪುಟದ ಒಂದು ನೋಟ್‌ಬುಕ್ಕು ಹಿಡಿದು ಕೌಂಟರಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತದ್ದು. ಒಂದು ವಾರ, ದಿನಕ್ಕೆ ಎರಡು ಗಂಟೆ. ಎಲ್ಲಿ ತಪ್ಪಾಗುತ್ತದೆ, ಎಲ್ಲಿ ಹೊಸಬರು ತಡವರಿಸುತ್ತಾರೆ, ಗಿರಾಕಿ ಯಾವಾಗ ಮುಖ ಸಿಂಡರಿಸುತ್ತಾನೆ, ಅದನ್ನಷ್ಟೇ ಬರೆದುಕೊಂಡೆ. ವಾರದ ಕೊನೆಗೆ 31 ತಪ್ಪುಗಳಾದವು. ಅದರಲ್ಲಿ ನಾಲ್ಕೈದು ಮಾತ್ರ ಪ್ರಾಣಕ್ಕೋ ಆರೋಗ್ಯಕ್ಕೋ ಕುತ್ತು ತರುವಂಥವು. ಏಳೆಂಟು ಕಾಫಿಯ ರುಚಿ ಕೆಡಿಸುವಂಥವು. ಉಳಿದವು ಲೆಕ್ಕ, ಮಾತು, ಶುಚಿಗೆ ಸೇರಿದವು.

ಸೋದರಿಯರೆ, ಈ ಪಟ್ಟಿಯೇ ನಿಜವಾದ ಪ್ರಶ್ನೆಪತ್ರಿಕೆ. ಆ ಕೆಲಸದಲ್ಲಿ ಆಗುವ ತಪ್ಪಿನಿಂದ ಪ್ರಶ್ನೆ ಹುಟ್ಟಬೇಕು. ಹಾಗೆ ಹುಟ್ಟಿದ ಪ್ರಶ್ನೆಗೆ ಉತ್ತರ ಕಲಿತವರ ಕೈ ನಾಳೆ ಆ ತಪ್ಪು ಮಾಡುವ ಮುನ್ನ ಒಂದು ಕ್ಷಣ ನಿಲ್ಲುತ್ತದೆ.

ಪ್ರಶ್ನೆ ಬರೆಯುವ ಬಗೆ

ಬರೆಯುತ್ತಾ ಬರೆಯುತ್ತಾ ನನಗೆ ನಾನೇ ಕೆಲವು ಕಟ್ಟಳೆ ಹಾಕಿಕೊಂಡೆ. ನಿಮಗೂ ಉಪಯೋಗವಾದೀತು.

1. ಕೆಲಸ ಮಾಡುವವರು ಮನಸ್ಸಿನಲ್ಲಿ ಯಾವ ಭಾಷೆ ಆಡುತ್ತಾರೋ ಆ ಭಾಷೆಯಲ್ಲಿ ಬರೆಯಿರಿ. ನಮ್ಮಲ್ಲಿ ಆಮೇಲೆ ಅಸ್ಸಾಮಿನ ಒಬ್ಬ ಹುಡುಗ ಬಂದ. ಅವನಿಗೆಂದು ಅದೇ ಪ್ರಶ್ನೆಗಳನ್ನು ಮಗಳು ಹಿಂದಿಯಲ್ಲಿ ಮಾಡಿಕೊಟ್ಟಳು. ಕ್ಯಾಪುಚಿನೊ, ಎಸ್ಪ್ರೆಸೊ ಎಂಬ ಹೆಸರುಗಳನ್ನು ಗಿರಾಕಿ ಹೇಳುವ ಹಾಗೇ ಬಿಡಿ.

2. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ. “ಹಾಲನ್ನು ಎಲ್ಲಿಡಬೇಕು, ಎಷ್ಟು ಹೊತ್ತು, ಯಾವ ಪಾತ್ರೆಯಲ್ಲಿ” ಎಂದು ಮೂರನ್ನೂ ಸೇರಿಸಿ ಕೇಳಿದರೆ ಎಲ್ಲಿ ತಪ್ಪಿದರು ಎಂದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ.

3. “ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ” ಎಂಬ ತಿರುಚು ಬೇಡ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುವವರು ‘ಅಲ್ಲ’ ಎಂಬುದನ್ನು ಬಿಟ್ಟು ಓದುತ್ತಾರೆ. ಅದು ಕಣ್ಣಿನ ತಪ್ಪು, ಬುದ್ಧಿಯದಲ್ಲ.

4. ತಪ್ಪು ಉತ್ತರಗಳು ನಗೆಪಾಟಲಾಗಿರಬಾರದು. ಜನ ನಿಜವಾಗಿ ಮಾಡುವ ತಪ್ಪುಗಳೇ ಇರಬೇಕು. ನನ್ನ ತುಪ್ಪ, ಅವನ ಟೂತ್‌ಪೇಸ್ಟು, ಇವನ ಕಾಫಿಪುಡಿ ಈಗ ಹಾಗೇ ಪ್ರಶ್ನೆಯೊಳಗೆ ಸೇರಿವೆ!

5. ಉತ್ತರ ಒತ್ತಿದ ಮೇಲೆ ಬರೀ ‘ತಪ್ಪು’ ಎಂದು ಬಂದರೆ ಏನು ಪ್ರಯೋಜನ? ಯಾಕೆ ತಪ್ಪು ಎಂದು ಎರಡು ಸಾಲು ಬರಬೇಕು. ಕಲಿಯುವುದು ಆ ಎರಡು ಸಾಲಿನಲ್ಲೇ.

6. ಸಾಧ್ಯವಾದಲ್ಲೆಲ್ಲ ನಿಮ್ಮ ಅಂಗಡಿಯದೇ ಫೋಟೋ ಹಾಕಿ. ನಮ್ಮ ಮೆಷಿನ್ನು, ನಮ್ಮ ಫ್ರಿಜ್ಜು, ನಮ್ಮ ಫಿಲ್ಟರು. ಓದಲು ನಿಧಾನವಾದವರೂ ನೋಡಿ ತಿಳಿಯುತ್ತಾರೆ.

7. ಒಂದು ಸಲಕ್ಕೆ 5 ಪ್ರಶ್ನೆ ಸಾಕು. 40 ಪ್ರಶ್ನೆಯ ಊಟ ಯಾರಿಗೂ ಅರಗುವುದಿಲ್ಲ.

ಕೊನೆಯ ಮಾತಿಗೆ ಮಗಳೇ ಒಂದು ಆಧಾರ ತೋರಿಸಿದಳು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಅಂದರೆ ಪರೀಕ್ಷೆ ಎನ್ನುವುದು ಅಳೆಯುವ ಸೇರು ಮಾತ್ರವಲ್ಲ, ಅದೇ ಒಂದು ಪಾಠ. ನಮ್ಮ ಹಿರಿಯರು ಮಗ್ಗಿಯನ್ನು ದಿನಾ ಸಂಜೆ ಬಾಯಲ್ಲಿ ಹೇಳಿಸುತ್ತಿದ್ದದ್ದು ಸುಮ್ಮನೆಯೇ? ಹಾಗಾಗಿ ಮೊದಲ ದಿನ ಕೇಳಿದ್ದರಲ್ಲಿ ಮುಖ್ಯವಾದದ್ದನ್ನು ಮೂರನೆಯ ದಿನ, ಮತ್ತೆ ವಾರ ಬಿಟ್ಟು, ಮತ್ತೆ ತಿಂಗಳು ಬಿಟ್ಟು ಕೇಳುತ್ತೇವೆ.

ಕೆಲವು ಪ್ರಶ್ನೆಗಳು, ಉತ್ತರಗಳೊಡನೆ

ನಮ್ಮ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ. ನೀವೂ ಉತ್ತರ ಹೇಳಿ ನೋಡಿ.

*ಹಬೆಯಿಂದ ಕೈ ಸುಟ್ಟರೆ ಮೊದಲು ಏನು ಮಾಡಬೇಕು?* ತುಪ್ಪ ಹಚ್ಚಬೇಕು, ಟೂತ್‌ಪೇಸ್ಟ್ ಹಚ್ಚಬೇಕು, ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು, ಐಸ್ ಇಡಬೇಕು. ಉತ್ತರ ನಿಮಗೀಗ ಗೊತ್ತು. ಈ ಪ್ರಶ್ನೆಯನ್ನು ತಪ್ಪಿದವರನ್ನು ಮೆಷಿನ್ನಿನ ಹತ್ತಿರ ಬಿಡುವುದಿಲ್ಲ.

*ಹಾಲಿನ ನೊರೆ ಮಾಡುವಾಗ ಹಬೆಯನ್ನು ಯಾವಾಗ ನಿಲ್ಲಿಸಬೇಕು?* ಹಾಲು ಉಕ್ಕಿ ಬಂದಾಗ ಎಂದು ನಾವು ಮನೆಯ ಹೆಂಗಸರೆಲ್ಲ ಹೇಳುತ್ತೇವೆ. ಫಿಲ್ಟರ್ ಕಾಫಿಗೆ ಅದು ಸರಿ. ಆದರೆ ಕ್ಯಾಪುಚಿನೊಗೆ ಹಾಲು 60ರಿಂದ 65 ಡಿಗ್ರಿಗೆ ಬಂದಾಗಲೇ ನಿಲ್ಲಿಸಬೇಕು. 70 ದಾಟಿದರೆ ಹಾಲಿನ ಸಿಹಿ ಹೋಗಿ ಸುಟ್ಟ ವಾಸನೆ ಬರುತ್ತದೆ, ನೊರೆಯೂ ಒಡೆಯುತ್ತದೆ.

*ಎಸ್ಪ್ರೆಸೊ 10 ಸೆಕೆಂಡಿನಲ್ಲೇ ಸುರಿದು ಮುಗಿಯಿತು. ಏನಾಗಿದೆ?* ಸಾಮಾನ್ಯವಾಗಿ ಅದಕ್ಕೆ 25ರಿಂದ 30 ಸೆಕೆಂಡು ಬೇಕು. ಬೇಗ ಇಳಿದರೆ ಪುಡಿ ತರಿಯಾಗಿದೆ ಅಥವಾ ಕಡಿಮೆಯಾಗಿದೆ. ಕಾಫಿ ನೀರುನೀರಾಗಿ ಹುಳಿಯಾಗಿರುತ್ತದೆ. ಗಿರಾಕಿಗೆ ಕೊಡದೆ ಹಿರಿಯ ಹುಡುಗನಿಗೆ ತೋರಿಸಬೇಕು.

*ಗಿರಾಕಿ “ನಿಮ್ಮ ಪುಡಿಯಲ್ಲಿ ಚಿಕೋರಿ ಇದೆಯಾ?” ಎಂದರೆ?* ಇದ್ದರೆ ಇದೆ ಎಂದೇ ಹೇಳಬೇಕು, ಎಷ್ಟು ಪಾಲು ಎಂಬುದನ್ನೂ ಹೇಳಬೇಕು. ಚಿಕೋರಿ ಎನ್ನುವುದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಇದೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

*“ನನಗೆ ಬಾದಾಮಿ ಆಗೋದಿಲ್ಲ” ಎಂದು ಒಬ್ಬರು ಹೇಳಿದರು. ಈಗ ತಾನೇ ಆ ಜಗ್ಗಿನಲ್ಲಿ ಬಾದಾಮಿ ಹಾಲು ಕಾಸಿದ್ದೀರಿ.* ಜಗ್ಗನ್ನು ನೀರಿನಲ್ಲಿ ಅಲ್ಲಾಡಿಸಿ ಬಳಸಬಹುದು ಎಂದು ಹೆಚ್ಚಿನವರು ಒತ್ತಿದರು. ಕೂಡದು. ಬೇರೆ ಜಗ್ಗು ತೆಗೆದುಕೊಳ್ಳಬೇಕು, ಹಬೆ ಕೊಳವೆಯನ್ನೂ ಚೆನ್ನಾಗಿ ತೊಳೆದು ಒರೆಸಬೇಕು, ಸಂದೇಹವಿದ್ದರೆ ಯಜಮಾನರನ್ನು ಕೇಳಬೇಕು. ಕೆಲವರಿಗೆ ಚೂರೇ ಚೂರು ಬಾದಾಮಿಯೂ ಉಸಿರು ಕಟ್ಟಿಸಬಲ್ಲದು. “ಸ್ವಲ್ಪ ಇದ್ರೆ ಏನಾಗಲ್ಲ ಬಿಡಿ” ಎಂಬ ಮಾತು ಆಡಲೇಬಾರದು.

*ಬಳಸಿ ಉಳಿದ ಹಾಲಿನ ಪ್ಯಾಕೆಟ್ಟನ್ನು ಎಲ್ಲಿಡಬೇಕು?* ಮೆಷಿನ್ನಿನ ಪಕ್ಕ ಕೈಗೆಟುಕುವ ಹಾಗೆ ಇಟ್ಟುಕೊಂಡರೆ ಅನುಕೂಲ, ನಿಜ. ಆದರೆ ಅಲ್ಲಿಯ ಬಿಸಿಗೆ ಹಾಲು ಬೇಗ ಕೆಡುತ್ತದೆ. ತೆಗೆದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಫ್ರಿಜ್ಜು 5 ಡಿಗ್ರಿಯೊಳಗೆ ಇರಬೇಕು.

*ಗಿರಾಕಿ ತನ್ನ ಮೊಬೈಲ್ ತೋರಿಸಿ “ಹಣ ಹೋಗಿದೆ ನೋಡಿ” ಎಂದರೆ?* ಅವರ ಮೊಬೈಲ್ ನೋಡಿ ತಲೆ ಆಡಿಸಬಾರದು. ನಮ್ಮ ಗಲ್ಲಾದ ಪೆಟ್ಟಿಗೆ ಕೂಗಬೇಕು, ಇಲ್ಲವೇ ನಮ್ಮ ಮೊಬೈಲಿನಲ್ಲಿ ಬಂದಿರಬೇಕು. ಬರದಿದ್ದರೆ “ಒಂದು ನಿಮಿಷ ಇರಿ ಸಾರ್, ನಮಗಿನ್ನೂ ಬಂದಿಲ್ಲ” ಎಂದು ನಗುಮುಖದಲ್ಲೇ ಹೇಳಬೇಕು. ಕಳ್ಳರೆಂಬಂತೆ ನೋಡಬಾರದು.

ಮೊಬೈಲಿಗೆ ಏರಿಸಿದ್ದು

ನನ್ನ ವಯಸ್ಸಿನ ಸೋದರಿಯರು ಇಲ್ಲಿಯವರೆಗೆ ಓದಿ, “ಅದೆಲ್ಲ ಸರಿ, ಮೊಬೈಲಿಗೆ ಹಾಕೋದು ಹೇಗಮ್ಮಾ?” ಎನ್ನುತ್ತೀರೆಂದು ಗೊತ್ತು. ಹೆದರಬೇಡಿ. ಗೂಗಲ್ ಫಾರ್ಮ್ಸ್ ಎಂಬುದೊಂದಿದೆ, ದುಡ್ಡು ಕೊಡಬೇಕಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಕ್ವಿಜ್ ಮಾಡು ಎಂಬ ಗುಂಡಿ ಒತ್ತಿದರೆ ಪ್ರತಿ ಪ್ರಶ್ನೆಗೂ ಸರಿ ಉತ್ತರ, ಅಂಕ, ಉತ್ತರದ ಕೆಳಗೆ ಬರಬೇಕಾದ ವಿವರಣೆ ಎಲ್ಲವನ್ನೂ ತುಂಬಬಹುದು. ಫೋಟೋ ಸೇರಿಸಬಹುದು. ಆಯ್ಕೆಗಳ ಸಾಲು ಅದಲುಬದಲಾಗುವಂತೆ ಮಾಡಬಹುದು, ಹಾಗಾಗಿ “ಮೂರನೇದು ಒತ್ತು” ಎಂದು ಪಕ್ಕದವರು ಪಿಸುಗುಟ್ಟಲಾಗದು. ಫಲಿತಾಂಶ ಆಗಲೇ ತೋರಿಸು ಎಂಬುದನ್ನು ಆರಿಸಿಕೊಳ್ಳಿ. ನನಗೆ ಟೈಪು ಮಾಡಲು ಬಾರದು. ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಚಿತ್ರ ಒತ್ತಿ ಕನ್ನಡದಲ್ಲಿ ಮಾತಾಡಿದೆ, ಅದೇ ಬರೆಯಿತು. ‘ನೊರೆ’ ಎಂದರೆ ‘ನೆರೆ’ ಎಂದು ಬರೆದು ನಗಿಸಿತು, ತಿದ್ದಿಕೊಂಡೆ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದಿದೆ. ಯಾವ ಪ್ರಶ್ನೆಯನ್ನು ಹೆಚ್ಚು ಜನ ತಪ್ಪಿದ್ದಾರೆ ಎಂದು ಅದೇ ತೋರಿಸುತ್ತದೆ. ಒಬ್ಬರು ತಪ್ಪಿದರೆ ಅವರಿಗೆ ಹೇಳಿಕೊಡಬೇಕು. ಎಲ್ಲರೂ ತಪ್ಪಿದರೆ ತಪ್ಪು ಅವರದಲ್ಲ. ನಾವು ಹೇಳಿಕೊಟ್ಟಿಲ್ಲ, ಇಲ್ಲವೇ ಪ್ರಶ್ನೆಯೇ ಸರಿಯಿಲ್ಲ.

ಮೈದುನನಿಗೆ ಎರಡು ಷರತ್ತು ಹಾಕಿದೆ. ಒಂದು, ರಸಪ್ರಶ್ನೆಗೆ ಕೂರುವ 10 ನಿಮಿಷ ಕೆಲಸದ ಹೊತ್ತಿನಲ್ಲೇ ಆಗಬೇಕು. ರಾತ್ರಿ ಮನೆಗೆ ಹೋದ ಮೇಲೆ, ಅವರದೇ ಮೊಬೈಲಿನ ಡೇಟಾ ಸುಟ್ಟು ಅಲ್ಲ. ಅಂಗಡಿಯ ಮೊಬೈಲನ್ನೇ ಕೊಡಬೇಕು. ಎರಡು, ಅಂಕ ಗೋಡೆಗೆ ಅಂಟಿಸಬಾರದು, ಸಂಬಳಕ್ಕೆ ಗಂಟು ಹಾಕಬಾರದು. ಅಂಕಕ್ಕೆ ಹೆದರಿದವರು ಉತ್ತರವನ್ನು ಕದ್ದು ಬರೆಯುತ್ತಾರೆ, ಕದ್ದ ಉತ್ತರ ಕೌಂಟರಿನಲ್ಲಿ ಕೈ ಹಿಡಿಯುವುದಿಲ್ಲ.

ಇನ್ನೊಂದು ಮಾತು. ರಸಪ್ರಶ್ನೆಯಿಂದ ಎಲ್ಲವೂ ಆಗುತ್ತದೆಂದು ತಿಳಿಯಬೇಡಿ. ದೋಸೆ ಹುಯ್ಯುವುದನ್ನು ಯಾರಾದರೂ ಪುಸ್ತಕದಿಂದ ಕಲಿತದ್ದುಂಟೇ? ಉತ್ತರ ಸರಿ ಒತ್ತಿದ ಮೇಲೆ ಹಿರಿಯರ ಮುಂದೆ ಅದನ್ನು ಕೈಯಲ್ಲಿ ಮಾಡಿ ತೋರಿಸಬೇಕು. ಹಬೆ ಬಿಡುವುದು, ಕೈ ತೊಳೆಯುವುದು, ಫಿಲ್ಟರಿಗೆ ಪುಡಿ ತುಂಬುವುದು, ಮೂರನ್ನೂ ಕಣ್ಣಾರೆ ನೋಡಿದ ಮೇಲೆಯೇ ನೋಟ್‌ಬುಕ್ಕಿನಲ್ಲಿ ಸರಿ ಗುರುತು.

ಅವಳು ತಪ್ಪಿದ ಒಂದು ಪ್ರಶ್ನೆ

ಆ ಹುಡುಗಿಯ ಕತೆ ಏನಾಯಿತು ಎನ್ನುತ್ತೀರಾ? ಕನ್ನಡದ ಪ್ರಶ್ನೆಗಳು ತಯಾರಾದ ಮೇಲೆ ಮೊದಲು ಬರೆದವಳು ಅವಳೇ. ಎರಡು ದಿನ 5-5 ಪ್ರಶ್ನೆ. 10ಕ್ಕೆ 9 ಬಂತು. ತಪ್ಪಿದ್ದು ಒಂದೇ ಒಂದು. ‘ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದೆ ನಿಂತರೆ ಏನು ಮಾಡಬೇಕು?’ ನಾನಿಟ್ಟ ಸರಿ ಉತ್ತರ, ‘ಇನ್ನಷ್ಟು ಬಿಸಿನೀರು ಹಾಕಬೇಕು.’ ಅವಳು ಒತ್ತಿದ್ದು, ‘ಪುಡಿ ಸರಿಯಿದೆಯೇ ನೋಡಬೇಕು.’

“ಯಾಕಮ್ಮಾ ಹಾಗೆ ಒತ್ತಿದೆ?” ಎಂದೆ. ತಲೆ ತಗ್ಗಿಸಿಕೊಂಡೇ ಹೇಳಿದಳು. “ಸೋಮವಾರ ಬಂದ ಪುಡಿ ಬಾಳ ನುಣ್ಣಗದೆ ಅಕ್ಕಾ. ನೀರು ಹಾಕಿದಷ್ಟೂ ಮೇಲೇ ನಿಲ್ತದೆ. ಬೆರಳಲ್ಲಿ ಮುಟ್ಟಿ ನೋಡಿ.”

ಡಬ್ಬ ತೆಗೆದು ಬೆರಳ ನಡುವೆ ತಿಕ್ಕಿ ನೋಡಿದೆ. ನಿಜ, ಗೋಧಿ ಹಿಟ್ಟಿನ ಹಾಗಿತ್ತು. ಪುಡಿ ಅಷ್ಟು ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟಿಕೊಳ್ಳುತ್ತದೆ. ಮೂರು ದಿನದಿಂದ ಡಿಕಾಕ್ಷನ್ ತಡವಾಗಿ, ಕಹಿಯಾಗಿ ಇಳಿಯುತ್ತಿದ್ದದ್ದಕ್ಕೆ ಮೈದುನ ಹುಡುಗರನ್ನು ಗದರುತ್ತಿದ್ದ. ಪುಡಿ ಮಾಡಿಕೊಡುವವರಿಗೆ ಫೋನು ಮಾಡಿ ಕೇಳಿದರೆ, ಗಿರಣಿಯ ಬಿಲ್ಲೆ ಬದಲಿಸಿದ್ದಾಗಿ ಒಪ್ಪಿಕೊಂಡರು.

24 ವರ್ಷ ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಸಿದವಳು ನಾನು. ಪುಡಿಯನ್ನು ಮುಟ್ಟಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಅಂದೇ ಆ ಪ್ರಶ್ನೆಯ ಸರಿ ಉತ್ತರ ಬದಲಿಸಿದೆ. ಅವಳ ಅಂಕ 10ಕ್ಕೆ 10 ಆಯಿತು. ಮೈದುನ ಏನೂ ಹೇಳಲಿಲ್ಲ. ಆದರೆ ತಿಂಗಳ ಕೊನೆ ಬಂತು, ಹೋಯಿತು, ಊರಿಗೆ ಕಳಿಸುವ ಮಾತು ಎತ್ತಲಿಲ್ಲ. ಈಗ ಪುಡಿ ಬಂದಾಗಲೆಲ್ಲ ಮುಟ್ಟಿ ನೋಡಿ ಒಳಗಿಡುವುದು ಅವಳ ಕೆಲಸ. ಹೊಸ ಪ್ರಶ್ನೆ ಸೇರಿಸಬೇಕಾದಾಗ ನಾನು ಮೊದಲು ಕೇಳುವುದೂ ಅವಳನ್ನೇ. ಕೈ ಸುಟ್ಟುಕೊಂಡ ಹುಡುಗ ಗುಣವಾಗಿ ಬಂದು, ಹೊಸಬರಿಗೆ ಹಬೆ ಕೊಳವೆಯ ಪಾಠ ಹೇಳುತ್ತಾನೆ. ಮುಂಗೈಯ ಕಲೆ ತೋರಿಸಿ ಹೇಳುತ್ತಾನಾದ್ದರಿಂದ ಯಾರೂ ಮರೆಯುವುದಿಲ್ಲ.

ಒಂದು ವೇಳೆ ಆ ದಿನ ಚಕ್ಕುಲಿ ಡಬ್ಬ ಕೊಡಲು ನಾನು ಹೋಗದೇ ಇದ್ದಿದ್ದರೆ? ಆ 11 ಅಂಕ ನಂಬಿ ಒಂದು ಮಗುವನ್ನು ಮನೆಗೆ ಕಳಿಸಿಬಿಡುತ್ತಿದ್ದೆವು. ಅವಳೂ ತನಗೇನೂ ಬಾರದೆಂದೇ ನಂಬಿಕೊಂಡು ಹೋಗುತ್ತಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಸೋದರಿಯರೆ, ನಿಮ್ಮಲ್ಲಿ ಎಷ್ಟೋ ಜನ ಬೇಕರಿ, ಮೆಸ್ಸು, ಹಪ್ಪಳ-ಸಂಡಿಗೆಯ ಗೃಹೋದ್ಯೋಗ ನಡೆಸುವವರಿದ್ದೀರಿ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ. ನೀವೂ ಒಂದು ನೋಟ್‌ಬುಕ್ಕು ಹಿಡಿದು ಒಂದು ವಾರ ಕೂತು ನೋಡಿ. ಐದೇ ಐದು ಪ್ರಶ್ನೆ ಬರೆಯಿರಿ. ಯಾರಾದರೂ ತಪ್ಪು ಉತ್ತರ ಕೊಟ್ಟರೆ ಅಂಕ ಕಳೆಯುವ ಮೊದಲು, “ಯಾಕಮ್ಮಾ ಹಾಗೆ ಬರೆದೆ?” ಎಂದು ಒಂದು ಮಾತು ಕೇಳಿ. ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಪಕ್ಕದಲ್ಲಿ ಕೂರಿ, ಸಾಧ್ಯವಾದರೆ ಒಂದು ಲೋಟ ಬಿಸಿ ಕಾಫಿ ಕೊಟ್ಟು.